ಲೋಕಸಭೆಯಲ್ಲಿ ಮನೆಮಾತು
ಭದ್ರಾವತಿಗೆ ನೆರೆಯ ಚನ್ನಗಿರಿ ತಾಲ್ಲೂಕಿನ ಕಾರಿಗನೂರು ಜೆ.ಎಚ್. ಪಟೇಲರ ಹುಟ್ಟೂರು, ಜನನ 1930. ಶಾಂತವೇರಿ ಗೋಪಾಲಗೌಡರ ಪ್ರಭಾವದಿಂದ ಸಮಾಜವಾದಿಯಾದ ಅವರನ್ನು ಶಿವಮೊಗ್ಗದ ಮತದಾರರು 1967ರಲ್ಲಿ ಲೋಕಸಭೆಗೆ ಕಳುಹಿಸಿದರು. ಅಲ್ಲಿ ಅವರು ಎದ್ದುನಿಂತು ಮಾತನಾಡಿದ್ದು ಕನ್ನಡದಲ್ಲಿ! ಆ ಸಭೆಯಲ್ಲಿ ಕನ್ನಡ ನುಡಿದವರಲ್ಲಿ ಅವರೇ ಮೊದಲಿಗರು. ಸಭಾಧ್ಯಕ್ಷ ಸಂಜೀವರೆಡ್ಡಿಯವರು ಅನುಮತಿಯಿತ್ತರು. ಪಟೇಲರು ಕಾನೂನು ಓದಿದವರು, ಇಂಗ್ಲಿಷನ್ನು ಬಲ್ಲವರು. ಬಾರದವನು ಮನೆಮಾತನ್ನಾಡುವುದು ಅನಿವಾರ್ಯ. ಬಲ್ಲವನು ಆಡಿದರೆ ಅದು ಹಕ್ಕಿನ ಮಾತೆಂದೇ ನಾವು ಭಾವಿಸುತ್ತೇವೆ.

ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ; 1996ರಲ್ಲಿ ಮುಖ್ಯಮಂತ್ರಿ ಪದವಿ. ಮರುವರ್ಷ ಅವರ ಸರಕಾರವೇ ಹೊಸ ಜಿಲ್ಲೆಗಳನ್ನು ರಚಿಸಿದಾಗ ಚನ್ನಗಿರಿಯು ದಾವಣಗೆರೆಗೆ ಸೇರಿಹೋಯಿತು. 2000ದ ಡಿಸೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಜಿಲ್ಲೆಯ ಗಡಿ ಸರಿದರೇನು, ಶಿವಮೊಗ್ಗದ ಹಿರಿಯರ ಬಾಯಲ್ಲಿ ಅವರು ಇಂದಿಗೂ ‘ನಮ್ಮ ಪಟೇಲರು’.