ಮುಗಿಲಿಗೆ ಕೆಂಪು ಬಳಿದವರಾರು?

ಗ್ಯಾಸ್ ಒಲೆಯ ಮೇಲೆ ಬೇಳೆ ಉಕ್ಕಿ, ಉಪ್ಪಿನ ನೀರು ಉರಿಗೆ ತಾಗಿದಾಗ ನೀಲಿ ಉರಿ ತಟ್ಟನೆ ಹಳದಿಯಾಗುವುದನ್ನು ನೀವು ಎಷ್ಟು ಸಲ ನೋಡಿಲ್ಲ! ಅದು ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತುವಿನ ಬಣ್ಣ. ಒಂದೊಂದು ಧಾತು ಕಾವೇರಿದಾಗಲೂ ಅದಕ್ಕೆ ತನ್ನದೇ ಬಣ್ಣ. ಈ ಅಡುಗೆಮನೆಯ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಭೂಮಿಯ ಉತ್ತರದ ತುದಿಯಲ್ಲಿ ರಾತ್ರಿ ಹೊತ್ತು ಮುಗಿಲ ತುಂಬ ಹಸಿರು ಕೆಂಪು ಸೆರಗು ಬೀಸಿದಂತೆ ತೋರುವ ಬೆಳಕಿನ ಗುಟ್ಟೂ ಇದರಲ್ಲೇ ಇದೆ. ಅದಕ್ಕೆ ಧ್ರುವಪ್ರಭೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಅರೋರಾ.

ಅದು ನಾರ್ವೆ, ಕೆನಡಾದಂಥ ಹಿಮದ ನಾಡಿನವರ ಭಾಗ್ಯ, ನಮಗೇಕೆ ಅದರ ಗೊಡವೆ ಅಂತೀರಾ? 2024ರ ಮೇ 10-11ರ ನಡುರಾತ್ರಿ ನಮ್ಮ ದೇಶದ ಲಡಾಖಿನಲ್ಲಿರುವ ಹಾನ್ಲೆಯ ಮುಗಿಲೇ ಕೆಂಪೇರಿತು. ಆ ರಾತ್ರಿ ಕೋಡ್ಲಾ, ಸೇಡಂ ಕಡೆ ಸೆಕೆ ತಾಳದೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿದವರಿಗೆ ಕಂಡದ್ದು ಎಂದಿನ ಮುಗಿಲೇ. ಹಾನ್ಲೆ ಇರುವುದು ಇಲ್ಲಿಂದ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ, ಸುಮಾರು 1,700 ಕಿಲೋಮೀಟರ್ ದೂರ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರ ವೀಕ್ಷಣಾಲಯವಿದೆ. ಅಲ್ಲಿನ ಕ್ಯಾಮೆರಾ ಆ ಕೆಂಪನ್ನು ಸೆರೆಹಿಡಿಯಿತು. (ಅಲ್ಲಿಯ ದೊಡ್ಡ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ ಎಂದರೆ ನಂಬುತ್ತೀರಾ?)

ಇದಕ್ಕೆಲ್ಲ ಮೂಲ ಸೂರ್ಯ. ಅವನಿಂದ ನಮಗೆ ಬರುವುದು ಬೆಳಕು, ಬಿಸಿಲು ಅಷ್ಟೇ ಅಲ್ಲ. ವಿದ್ಯುತ್ ತುಂಬಿದ ಕಣಗಳ ಗಾಳಿಯೂ ಸದಾ ಬೀಸುತ್ತಿರುತ್ತದೆ, ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ! ನಮ್ಮ ಭೂಮಿಯೋ ಒಂದು ದೊಡ್ಡ ಅಯಸ್ಕಾಂತ. ಅದರ ಕಾಂತಶಕ್ತಿ ಈ ಗಾಳಿಗೆ ಅಡ್ಡ ನಿಲ್ಲುತ್ತದೆ. ಗಾಳಿಯ ಹೊಡೆತಕ್ಕೆ ಆ ಕಾಂತಶಕ್ತಿ ರಾತ್ರಿಯ ಮಗ್ಗುಲಲ್ಲಿ ಹೆಣ್ಣಿನ ಜಡೆಯಂತೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎಳೆದೂ ಎಳೆದೂ ಒಂದು ಹೊತ್ತಿಗೆ ರಬ್ಬರ್ ಬ್ಯಾಂಡ್ ಬಿಟ್ಟಂತೆ ಚಟ್ಟನೆ ಹಿಂದಿರುಗಿದಾಗ, ಅಲ್ಲಿದ್ದ ಎಲೆಕ್ಟ್ರಾನ್ ಕಣಗಳು ಧ್ರುವಗಳ ಸುತ್ತಲಿನ ಮುಗಿಲಿಗೆ ರಭಸದಿಂದ ನುಗ್ಗಿ ಅಲ್ಲಿಯ ತೆಳು ಗಾಳಿಗೆ ಬಡಿಯುತ್ತವೆ. ಬಡಿದ ಏಟಿಗೆ ಗಾಳಿ ಬೆಳಗುತ್ತದೆ. ಟಾಕೀಸಿನ ಮುಂದೆ ಉರಿಯುತ್ತಿದ್ದ ನಿಯಾನ್ ದೀಪ ನೆನಪಿದೆಯಲ್ಲ, ಅದರ ಕೊಳವೆಯೊಳಗೆ ನಡೆಯುವುದೂ ಹೀಗೆಯೇ.

ಹಸಿರು ಬೆಳಕು ಕೊಡುವುದು ನಾವು ಉಸಿರಾಡುವ ಆಮ್ಲಜನಕವೇ, ನೆಲದಿಂದ 100 ಕಿಲೋಮೀಟರ್ ಮೇಲೆ. 200 ಕಿಲೋಮೀಟರ್ ದಾಟಿದರೆ ಅದೇ ಆಮ್ಲಜನಕ ಕೆಂಪಾಗಿ ಬೆಳಗುತ್ತದೆ. ನೇರಳೆ, ಗುಲಾಬಿಯ ಛಾಯೆ ಸಾರಜನಕದ್ದು. ಹಾಗಾದರೆ ಹಾನ್ಲೆಯಲ್ಲಿ ಬರೀ ಕೆಂಪೇ ಏಕೆ? ಹೊಲದ ಆಚೆಯ ಊರಿನ ಗುಡಿ ದೂರದಿಂದ ಪೂರ್ತಿ ಕಾಣುವುದಿಲ್ಲ, ಕಳಸವಷ್ಟೇ ಕಾಣುತ್ತದೆ. ದುಂಡನೆಯ ಭೂಮಿ ಕೆಳಗಿನ ಹಸಿರನ್ನು ಮರೆಮಾಡಿ, ಬಹಳ ಎತ್ತರದಲ್ಲಿರುವ ಕೆಂಪನ್ನು ಮಾತ್ರ ದಕ್ಷಿಣದವರಿಗೆ ತೋರಿಸುತ್ತದೆ.

ಅದೇ ದಿನಗಳಲ್ಲಿ ಅಮೆರಿಕದ ದಕ್ಷಿಣದ ಫ್ಲಾರಿಡಾದವರೆಗೂ ಈ ಬೆಳಕು ಕಂಡಿತು. ಮಕ್ಕಳು ಕಳಿಸಿದ ಫೋಟೋ ನೋಡಿ ಎಷ್ಟು ತಾಯಂದಿರ ಎದೆ ಝಲ್ಲೆಂದಿತೋ! "ಮುಗಿಲಿಗೆ ಬೆಂಕಿ ಹತ್ತಿದಂಗ ಕಾಣ್ತದಲ್ಲೋ ಮಗಾ, ಹೊರಗ ಯಾಕ ನಿಂತಿ? ಮೊದಲ ಒಳಗ ಹೋಗು" ಎಂದರೆ ಅದು ಕರುಳಿನ ಮಾತು. ಹಿಂದೆ ಯುರೋಪಿನವರೂ ಇದನ್ನು ಯುದ್ಧದ ಶಕುನವೆಂದು ಹೆದರುತ್ತಿದ್ದರು. ಹೆದರಬೇಡಿ ತಾಯಿ. ಎಲ್ಲವೂ ನೂರು ಕಿಲೋಮೀಟರ್ ಮೇಲೆಯೇ ನಡೆದು ಮುಗಿಯುತ್ತದೆ. ಕೆಳಗೆ ನಿಂತು ನೋಡುವವರನ್ನು ಭೂಮಿಯ ಗಾಳಿಯ ಹೊದಿಕೆ ಕಾಪಾಡುತ್ತದೆ. ಬೇಕಾದರೆ ಸ್ವೆಟರ್ ಹಾಕಿಕೊಂಡು ನೋಡು ಅನ್ನಿ, ಅಲ್ಲಿಯ ಚಳಿ ಸಾಮಾನ್ಯದ್ದಲ್ಲ.

ತೊಂದರೆ ಇರುವುದು ಮನುಷ್ಯರಿಗಲ್ಲ, ತಂತಿಗಳಿಗೆ. 1989ರ ಮಾರ್ಚ್ 13ರಂದು ಇಂಥ ಸೌರ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನರಿಗೆ ಸುಮಾರು 9 ಗಂಟೆ ಕರೆಂಟೇ ಇರಲಿಲ್ಲ. ಉಪಗ್ರಹಗಳಿಗೂ ಪೆಟ್ಟು ಬೀಳಬಹುದು. ಸೂರ್ಯನ ಮೇಲೆ ಕಣ್ಣಿಡಲು ನಮ್ಮವರು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯನ್ನು ಹಾರಿಸಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಲ್ಲಿಸಿದ್ದಾರೆ. ಅದರ ಮುಖ್ಯ ಉಪಕರಣವನ್ನು ಜೋಡಿಸಿದ್ದು ಆ ಹೊಸಕೋಟೆಯಲ್ಲೇ.

ನಮ್ಮ ಕಡೆ ಇದು ಎಂದಾದರೂ ಕಂಡೀತೇ ಎಂದು ಕೇಳುವಿರಿ. 1872ರ ಫೆಬ್ರವರಿ 4ರ ರಾತ್ರಿ ಮುಂಬಯಿಯಲ್ಲೇ ಕಂಡಿತೆಂದು ಅಂದಿನ ಪತ್ರಿಕೆ ಬರೆದಿತ್ತು. ನಕಾಶೆಯಲ್ಲಿ ಮುಂಬಯಿ ಸೇಡಂಗಿಂತ ಬರೀ ಎರಡು ಡಿಗ್ರಿಯಷ್ಟು ಮೇಲಿದೆ. ಅಂಥ ಬಿರುಗಾಳಿ ತೀರಾ ಅಪರೂಪ, ಆದರೆ ಆಗದ ಮಾತೇನಲ್ಲ. ಮಾಳಿಗೆಯ ಮೇಲೆ ಮಲಗಿದಾಗ ಬಡಗಣ ಅಂಚಿನಲ್ಲಿ ನಸುಗೆಂಪು ಕಂಡರೆ, ಅದು ಸಿಮೆಂಟ್ ಕಾರ್ಖಾನೆಯ ದೀಪವಲ್ಲ ತಾನೇ ಎಂದು ಮೊದಲು ನೋಡಿಕೊಂಡು, ಆಮೇಲೆ ಮನೆಯವರನ್ನು ಎಬ್ಬಿಸಿ!