ಯಾರ ಮುಖಕ್ಕೆ ಬೆಳಕು?

ಚಿತ್ರವೊಂದರ ಕಥೆ ತಿಳಿಯುವ ಮೊದಲೇ ನೋಡುಗನ ಕಣ್ಣು ಒಂದು ಪಕ್ಷ ವಹಿಸಿರುತ್ತದೆ. ಅದಕ್ಕೆ ಕಾರಣ ರೇಖೆ, ಆಕಾರ ಮತ್ತು ಛಾಯೆ, ಅಂದರೆ ಬೆಳಕು-ಕತ್ತಲೆಗಳ ಪ್ರಮಾಣ. ಸ್ಪೇನಿನ ಕಲಾವಿದ ಫ್ರಾನ್ಸಿಸ್ಕೊ ಗೋಯಾ 1814ರಲ್ಲಿ ರಚಿಸಿದ ‘1808ರ ಮೇ 3’ ಇದಕ್ಕೊಂದು ಉತ್ತಮ ನಿದರ್ಶನ.

1808ರ ಮೇ 2ರಂದು ಮ್ಯಾಡ್ರಿಡ್‌ನ ಜನ ನೆಪೋಲಿಯನ್ನನ ಸೇನೆಯ ವಿರುದ್ಧ ದಂಗೆ ಎದ್ದರು. ಸೆರೆಸಿಕ್ಕ ಅನೇಕರನ್ನು ಮರುದಿನ ನಸುಕಿನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಆ ಕ್ಷಣವೇ ಚಿತ್ರದ ವಸ್ತು.

ಮೊದಲು ರೇಖೆ. ಬಲಗಡೆಯಿಂದ ಸಾಲಾಗಿ ಚಾಚಿದ ಬಂದೂಕುಗಳು ನಮ್ಮ ನೋಟವನ್ನು ನೇರವಾಗಿ ಎಡಕ್ಕೆ, ಬಲಿಯಾಗಲಿರುವವನತ್ತ ಒಯ್ಯುತ್ತವೆ. ಎರಡನೆಯದು ಆಕಾರ. ಬೆನ್ನು ತಿರುಗಿಸಿ ಒತ್ತಾಗಿ ನಿಂತ ಸೈನಿಕರಿಗೆ ಮುಖವೇ ಇಲ್ಲ; ಅವರೆಲ್ಲ ಸೇರಿ ಒಂದು ಗೋಡೆ. ಎದುರಿಗಿರುವವರದು ಒಬ್ಬೊಬ್ಬರದು ಒಂದೊಂದು ಭಂಗಿ. ಒಬ್ಬ ಮುಖ ಮುಚ್ಚಿಕೊಂಡಿದ್ದಾನೆ, ಸನ್ಯಾಸಿಯೊಬ್ಬ ಕೈ ಜೋಡಿಸಿದ್ದಾನೆ. ನಡುವೆ ಮಂಡಿಯೂರಿದವನು ಎರಡೂ ತೋಳುಗಳನ್ನು ಮೇಲೆತ್ತಿ ಚಾಚಿದ್ದಾನೆ. ಆ ಆಕಾರ ಶಿಲುಬೆಗೇರಿದ ಕ್ರಿಸ್ತನನ್ನು ನೆನಪಿಸುತ್ತದೆ.

ಕೊನೆಯದು ಛಾಯೆ. ಆಕಾಶ ಕಡುಗಪ್ಪು. ನೆಲದ ಮೇಲಿಟ್ಟ ಲಾಂದ್ರದ ಬೆಳಕೆಲ್ಲ ಆತನ ಬಿಳಿ ಅಂಗಿಯ ಮೇಲೆ. ಗುರಿಯಿಡಲು ಕೊಲ್ಲುವವರಿಗೆ ನೆರವಾಗುವ ಬೆಳಕೇ ಸಾಯುವವನ ಮುಖವನ್ನು ನಮಗೆ ತೋರಿಸುತ್ತದೆ.

ಅದೇ ಲಾಂದ್ರದ ಬೆಳಕು ಸೈನಿಕರ ಮುಖದ ಮೇಲೆ ಬಿದ್ದಿದ್ದರೆ ಘಟನೆ ಬದಲಾಗುತ್ತಿರಲಿಲ್ಲ, ಚಿತ್ರ ಬೇರೆಯಾಗುತ್ತಿತ್ತು. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಇದರ ಮುಂದೆ ನಿಲ್ಲುವವರಿಗೆ ಆ ದಂಗೆಯ ಇತಿಹಾಸ ಗೊತ್ತಿರಲೇಬೇಕೆಂದಿಲ್ಲ. ಯಾರ ಪರ ನಿಲ್ಲಬೇಕೆಂಬುದನ್ನು ಸಂಯೋಜನೆಯೇ ಹೇಳಿಬಿಡುತ್ತದೆ.