ಬಾಳೆಹಣ್ಣು ಹಾಕದೆ ಬಾಳೆಹಣ್ಣಿನ ವಾಸನೆ

ಸೋಲೂರಿನ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿಸೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ಮೈಸೂರಿನಲ್ಲಿ ಒಂದು ರಾತ್ರಿಗೆ ಪಾತ್ರೆ ತುಂಬಿ ಬರುವ ಹಿಟ್ಟು, ಇಲ್ಲಿ ಡಿಸೆಂಬರ್‌ನಲ್ಲಿ ಬೆಳಿಗ್ಗೆ ನೋಡಿದರೂ ರುಬ್ಬಿಟ್ಟ ಹಾಗೇ ಕೂತಿರುತ್ತೆ. ಒಲೆ ಪಕ್ಕ ಇಡಬೇಕು, ಕಂಬಳಿ ಸುತ್ತಬೇಕು. ಹುದುಗುವಿಕೆ ಸೂಕ್ಷ್ಮಜೀವಿಗಳ ಕೆಲಸ, ಅವುಗಳಿಗೆ ಬೆಚ್ಚಗಿರಬೇಕು ಅಂತ ಮಕ್ಕಳಿಗೆ ಹೇಳಿ ಪಾಠ ಮುಗಿಸ್ತೀವಿ. ಆದರೆ ಉಷ್ಣತೆ ಬದಲಾದರೆ ಹುದುಗುವ ವೇಗ ಮಾತ್ರವಲ್ಲ, ವಾಸನೆ ಮತ್ತು ರುಚಿಯೂ ಬದಲಾಗುತ್ತೆ. ಇದನ್ನು ತೋರಿಸಲು ಚೆನ್ನಾಗಿ ಅಧ್ಯಯನವಾಗಿರುವ ಒಂದು ಉದಾಹರಣೆ ಬೆಲ್ಜಿಯಂ ದೇಶದ ಬಲವಾದ ಏಲ್ ಬಿಯರ್.

ಶಾಲಾ ಶಿಕ್ಷಕರ ಪತ್ರಿಕೆಯಲ್ಲಿ ಬಿಯರ್ ಮಾತೇಕೆ ಅಂತ ಕೇಳಬಹುದು. ಕುಡಿತದಿಂದ ನೊಂದ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲೇ ಕೂತಿದ್ದಾರೆ. ಅವರು ಮದ್ಯದ ಬಗ್ಗೆ ಅರ್ಧಂಬರ್ಧ ಮಾತುಗಳನ್ನು ಬೀದಿಯಲ್ಲಿ ಕೇಳುತ್ತಾರೆ. ಪೂರ್ತಿ ವಿಜ್ಞಾನವನ್ನು ನಮ್ಮಿಂದ ಕೇಳಲಿ.

1857: ಒಂದೇ ವರ್ಷ, ಎರಡು ಘಟನೆ

ನಮ್ಮ ನೀಲಗಿರಿಗೂ ಈ ಕಥೆಗೂ ನಂಟಿದೆ. ಇಲ್ಲಿನ ಕ್ಯಾಸಲ್ ಬ್ರುವರಿ 1857ರಷ್ಟು ಹಳೆಯದು. ಯಂತ್ರದಿಂದ ತಂಪು ಮಾಡುವ ಅನುಕೂಲ ಇಲ್ಲದ ಕಾಲದಲ್ಲಿ ಬೆಟ್ಟದ ಚಳಿಯೇ ಬಿಯರ್ ಮಾಡುವವರಿಗೆ ಬಂಡವಾಳ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಐದು ಬ್ರುವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರುವರೀಸ್ ಕಂಪನಿ ಕಟ್ಟಿದರು. ಆ ಐದರಲ್ಲಿ ಅತ್ಯಂತ ಹಳೆಯದು ಇದೇ ಕ್ಯಾಸಲ್.

ಅದೇ 1857ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಲೂಯಿ ಪಾಶ್ಚರ್, ಹುದುಗುವಿಕೆ ಬರೀ ರಾಸಾಯನಿಕ ಕೊಳೆಯುವಿಕೆ ಅಲ್ಲ, ಜೀವಿಗಳ ಕೆಲಸ ಎಂಬ ಪ್ರಬಂಧ ಓದಿದರು. ಅಂದರೆ ನೀಲಗಿರಿಯಲ್ಲಿ ಬ್ರುವರಿ ಶುರುವಾದ ಕಾಲಕ್ಕೆ, ಪೀಪಾಯಿಯೊಳಗೆ ಏನಾಗುತ್ತಿದೆ ಅನ್ನೋದು ಜಗತ್ತಿಗೆ ಆಗಷ್ಟೇ ಗೊತ್ತಾಗುತ್ತಿತ್ತು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸಿ ತೋರಿಸಿದರು.

ಸಮೀಕರಣ ಹೇಳದೆ ಬಿಟ್ಟದ್ದು

ಒಂದು ಗ್ಲೂಕೋಸ್ ಅಣುವಿನಿಂದ ಎರಡು ಎಥನಾಲ್, ಎರಡು ಕಾರ್ಬನ್ ಡೈ ಆಕ್ಸೈಡ್. ಲೆಕ್ಕದಲ್ಲಿ 180 ಗ್ರಾಂ ಗ್ಲೂಕೋಸಿಗೆ 92 ಗ್ರಾಂ ಎಥನಾಲ್, 88 ಗ್ರಾಂ ಅನಿಲ. ಕಪ್ಪು ಹಲಗೆಯ ಮೇಲೆ ಸಮ ಆಯ್ತು. ಆದರೆ ಯೀಸ್ಟ್ ಇಷ್ಟಕ್ಕೇ ನಿಲ್ಲಲ್ಲ. ಬೆಳೆಯುವಾಗ ಅತ್ಯಲ್ಪ ಪ್ರಮಾಣದಲ್ಲಿ ನೂರಾರು ಬೇರೆ ಪದಾರ್ಥಗಳನ್ನೂ ಹೊರಗೆ ಬಿಡುತ್ತೆ. ಪರಿಮಳ ಇರೋದು ಅದರಲ್ಲೇ.

ಬೆಲ್ಜಿಯಂನ ಬಲವಾದ ಏಲ್‌ಗಳಿಗೆ ಬಾರ್ಲಿ, ನೀರು, ಹಾಪ್ಸ್ ಹೂವು, ಜೊತೆಗೆ ಸಕ್ಕರೆ ಹಾಕುತ್ತಾರೆ. ಹಣ್ಣು ಹಾಕಲ್ಲ. ಆದರೂ ಹಲವು ಏಲ್‌ಗಳಲ್ಲಿ ಬಾಳೆಹಣ್ಣು, ಸೇಬು, ಲವಂಗದ ಪರಿಮಳ ಬರುತ್ತೆ. ಬಾಳೆಹಣ್ಣಿನ ವಾಸನೆಗೆ ಕಾರಣ ಐಸೋಅಮೈಲ್ ಅಸಿಟೇಟ್, ಸೇಬಿನದಕ್ಕೆ ಈಥೈಲ್ ಹೆಕ್ಸನೋಯೇಟ್. ಎರಡೂ ಎಸ್ಟರ್‌ಗಳು. ಹತ್ತನೇ ತರಗತಿಯಲ್ಲಿ ಎಥನಾಲ್, ಎಥನೋಯಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬಿಸಿ ಮಾಡ್ತೀವಲ್ಲ, ಆ ಎಸ್ಟರ್ ಕುಟುಂಬವೇ. ಯೀಸ್ಟ್ ಇದನ್ನು ಸಲ್ಫ್ಯೂರಿಕ್ ಆಮ್ಲವಿಲ್ಲದೆ, ಕಿಣ್ವಗಳಿಂದ ಮಾಡಿಕೊಳ್ಳುತ್ತೆ.

ಲವಂಗದ ವಾಸನೆಯ ದಾರಿ ಬೇರೆ. ಧಾನ್ಯದ ಹೊಟ್ಟಿನಲ್ಲಿ ಫೆರುಲಿಕ್ ಆಮ್ಲ ಇರುತ್ತೆ. ಕೆಲವು ಯೀಸ್ಟ್ ತಳಿಗಳು ಅದರಿಂದ ಒಂದು ಕಾರ್ಬನ್ ಡೈ ಆಕ್ಸೈಡ್ ಕಳಚಿ 4-ವಿನೈಲ್ ಗ್ವಯಕಾಲ್ ಮಾಡುತ್ತವೆ. ಮೂಗಿಗೆ ಅದೇ ಲವಂಗ.

ಇಲ್ಲಿ ಉಷ್ಣತೆ ಬರುತ್ತೆ. ಲಾಗರ್ ಬಿಯರ್ ಸುಮಾರು 8ರಿಂದ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಹುದುಗುತ್ತೆ, ವಾಸನೆ ಕಡಿಮೆ. ಬೆಲ್ಜಿಯಂ ಏಲ್‌ಗಳನ್ನು 20 ಡಿಗ್ರಿಗಿಂತ ಮೇಲೆ ಹುದುಗಿಸುತ್ತಾರೆ. ಜೊತೆಗೆ ಸಕ್ಕರೆ ಜಾಸ್ತಿ. ಬಿಸಿ ಮತ್ತು ಗಾಢ ಸಕ್ಕರೆ ಎರಡೂ ಸೇರಿದರೆ ಎಸ್ಟರ್ ಹೆಚ್ಚು. ಮದ್ಯದ ಪ್ರಮಾಣವೂ ಏರುತ್ತೆ: ಡುವೆಲ್‌ನಲ್ಲಿ 8.5 ಶೇಕಡಾ, ವೆಸ್ಟ್‌ಮಾಲ್ ಮಠದ ಟ್ರಿಪಲ್‌ನಲ್ಲಿ 9.5. ಅಲ್ಲಿನವರು ಯೀಸ್ಟನ್ನು ಆಸ್ತಿಯಂತೆ ಕಾಯುತ್ತಾರೆ. ಡುವೆಲ್‌ನ ತಳಿಯನ್ನು ಮೊದಲ ಮಹಾಯುದ್ಧದ ನಂತರ ಸ್ಕಾಟ್ಲೆಂಡಿನಿಂದ ತಂದರು. ಶಿಮೇ ಮಠದ ತಳಿಯನ್ನು 1948ರಲ್ಲಿ ಫಾದರ್ ಥಿಯೋಡೋರ್ ಬೇರ್ಪಡಿಸಿದರು.

ಯೀಸ್ಟ್‌ಗೆ ಇದರಿಂದ ಏನು ಲಾಭ?

ಮಕ್ಕಳು ಖಂಡಿತ ಈ ಪ್ರಶ್ನೆ ಕೇಳ್ತಾರೆ. ಯೀಸ್ಟ್‌ಗೆ ಕಾಲಿಲ್ಲ, ರೆಕ್ಕೆಯಿಲ್ಲ. ಒಂದು ಹಣ್ಣಿನಿಂದ ಇನ್ನೊಂದಕ್ಕೆ ಹೋಗೋದು ಹೇಗೆ? 2014ರಲ್ಲಿ ಬೆಲ್ಜಿಯಂನ ಸಂಶೋಧಕರ ತಂಡ ಯೀಸ್ಟ್‌ನ ಎಸ್ಟರ್ ಮಾಡುವ ಒಂದು ಜೀನ್ ತೆಗೆದು ನೋಡಿತು. ಹಣ್ಣುನೊಣಗಳು ಆ ಯೀಸ್ಟ್ ಕಡೆ ಮೊದಲಿನಷ್ಟು ಬರಲಿಲ್ಲ, ಅದು ಹರಡುವುದೂ ಕಡಿಮೆಯಾಯಿತು. ವಾಸನೆ ಅನ್ನೋದು ನೊಣಕ್ಕೆ ಕೊಟ್ಟ ಬಸ್ ಚಾರ್ಜು!

ಲವಂಗದ್ದು ಇನ್ನೊಂದು ಪಾಠ. 2016ರಲ್ಲಿ 157 ಯೀಸ್ಟ್ ತಳಿಗಳ ಜೀನೋಮ್ ಓದಿದಾಗ, ಬಿಯರ್ ತಳಿಗಳಲ್ಲಿ ಬಹುಪಾಲು ಆ ಶಕ್ತಿ ಕಳೆದುಕೊಂಡಿರುವುದು ಕಂಡಿತು. ಆ ವಾಸನೆ ಬೇಡದ ಜನ, ಒಳ್ಳೆಯ ಪೀಪಾಯಿಯ ಗಸಿಯನ್ನೇ ಮುಂದಿನದಕ್ಕೆ ಹಾಕುತ್ತಾ ಬಂದು ತಮಗರಿವಿಲ್ಲದೆ ತಳಿ ಆರಿಸಿದ್ದರು. ಅದು ಬೇಕೆಂದ ಗೋಧಿ ಬಿಯರ್‌ನವರ ಮತ್ತು ಬೆಲ್ಜಿಯಂನ ಕೆಲವರ ಬಳಿ ಉಳಿಯಿತು. ಕೃತಕ ಆಯ್ಕೆಗೆ ನಾವು ನಾಯಿ, ಎಲೆಕೋಸು ಹೇಳ್ತೀವಿ. ಯೀಸ್ಟನ್ನೂ ಸೇರಿಸಿಕೊಳ್ಳಿ.

ನಮ್ಮ ವರ್ಕಿಯಲ್ಲೂ ಇದೆ

2023ರಲ್ಲಿ ಭೌಗೋಳಿಕ ಸೂಚಕ ಪಡೆದ ಊಟಿ ವರ್ಕಿಗೆ ಅಂಗಡಿ ಯೀಸ್ಟ್ ಬದಲು 'ಮಾವಾ' ಹಾಕುವ ಪದ್ಧತಿ ಇದೆ. ಬಾಳೆಹಣ್ಣು, ರವೆ, ಸಕ್ಕರೆ, ಮೈದಾ ಸೇರಿಸಿ ಹುದುಗಿಸಿದ ಮುದ್ದೆ ಅದು. ಗಾಳಿ, ಹಣ್ಣು, ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳೇ ಅಲ್ಲಿ ಕೆಲಸಗಾರರು. ಇಡ್ಲಿ ಹಿಟ್ಟಿನ ವಿಷಯದಲ್ಲಿ ಮಾತ್ರ ಎಚ್ಚರ: ಅದನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಉಬ್ಬಿದ್ದೆಲ್ಲ ಯೀಸ್ಟ್ ಅಲ್ಲ.

ತರಗತಿಯಲ್ಲಿ ಮಾಡಿ ನೋಡಿ

ನಾಲ್ಕು ಬಾಟಲಿಗಳಿಗೆ ತಲಾ 200 ಮಿಲಿ ನೀರು, ಅರ್ಧ ಚಮಚ ಬೇಕರಿ ಯೀಸ್ಟ್ ಹಾಕಿ. ಮೂರಕ್ಕೆ ಎರಡೆರಡು ಚಮಚ ಸಕ್ಕರೆ ಹಾಕಿ, ನಾಲ್ಕನೆಯದಕ್ಕೆ ಬೇಡ. ಬಾಯಿಗೆ ಬಲೂನು ಕಟ್ಟಿ. ಸಕ್ಕರೆಯ ಬಾಟಲಿಗಳಲ್ಲಿ ಒಂದನ್ನು ವರಾಂಡದ ಚಳಿಯಲ್ಲಿ, ಒಂದನ್ನು ತರಗತಿಯೊಳಗೆ, ಒಂದನ್ನು 35 ಡಿಗ್ರಿಯ ನೀರಿನ ಬಕೆಟ್‌ನಲ್ಲಿ ಇಡಿ. ಸಕ್ಕರೆ ಹಾಕದ್ದನ್ನೂ ಅದೇ ಬಕೆಟ್‌ನಲ್ಲಿ ಇಡಿ. 15 ನಿಮಿಷಕ್ಕೊಮ್ಮೆ ದಾರದಿಂದ ಬಲೂನಿನ ಸುತ್ತಳತೆ ಅಳೆದು ಗ್ರಾಫ್ ಬರೆಸಿ. ಕೊನೆಗೆ ಕೈ ಬೀಸಿ ವಾಸನೆ ನೋಡಿಸಿ. ಬಾಟಲಿಗೆ ಮುಚ್ಚಳ ಬಿಗಿಯಬೇಡಿ, ಒತ್ತಡಕ್ಕೆ ಸಿಡಿಯಬಹುದು. ಯಾರೂ ರುಚಿ ನೋಡಬಾರದು. ಮುಗಿದ ಮೇಲೆ ನಿಮ್ಮ ಕೈಯಾರೆ ಚೆಲ್ಲಿ.

ಇದನ್ನೂ ಹೇಳಲೇಬೇಕು

2024ರ ಜೂನ್‌ನಲ್ಲಿ ನಮ್ಮದೇ ರಾಜ್ಯದ ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. 'ಸರಿಯಾಗಿ ಹುದುಗದೆ ವಿಷ ಆಯ್ತು' ಅನ್ನೋ ಮಾತು ಇಂಥ ಕಡೆ ಕೇಳಿಬರುತ್ತೆ. ಅದು ತಪ್ಪು. ಸಕ್ಕರೆಯಿಂದ ಯೀಸ್ಟ್ ಮಾಡುವುದು ಎಥನಾಲ್, ಮೆಥನಾಲ್ ಅಲ್ಲ. ಹಣ್ಣಿನ ಪೆಕ್ಟಿನ್‌ನಿಂದ ತುಸು ಮೆಥನಾಲ್ ಬರಬಹುದು, ಅಷ್ಟೆ. ಅಲ್ಲಿ ಕೊಂದದ್ದು ಮನುಷ್ಯರು ಬೆರೆಸಿದ ಕೈಗಾರಿಕಾ ಮೆಥನಾಲ್. ನಮ್ಮ ದೇಹ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತೆ, ಕಣ್ಣಿನ ನರ ಹೋಗುತ್ತೆ, ಜೀವವೂ ಹೋಗಬಹುದು.

ಹಾಗಂತ ಎಥನಾಲ್ ಸಾಧು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎಥನಾಲ್ ಹೆಚ್ಚಾದರೆ ಅದನ್ನು ಮಾಡಿದ ಯೀಸ್ಟ್ ಕೂಡ ಬದುಕಲ್ಲ. ಬಲೂನು ಉಬ್ಬುತ್ತಿರುವಾಗಲೇ ಮಕ್ಕಳನ್ನು ಕೇಳಿ: 'ಸಕ್ಕರೆ ಎಷ್ಟೇ ಇದ್ದರೂ ಒಂದು ಹಂತದಲ್ಲಿ ಯೀಸ್ಟ್ ಕೆಲಸ ನಿಲ್ಲಿಸುತ್ತೆ, ಯಾಕೆ?' ಉತ್ತರ ಅವರೇ ಹುಡುಕಲಿ.